ಎಲ್‌ಎಲ್ (ಲರ್ನರ್ ಲೈಸೆನ್ಸ್) ಪರೀಕ್ಷೆಗೆ ಪುಸ್ತಕವೋ, ಮೊಬೈಲೋ, ಡ್ರೈವಿಂಗ್ ಸ್ಕೂಲೋ?

ಈ ಪರೀಕ್ಷೆಗೆ ಯಾವುದರಿಂದ ಕಲಿಯೋದು ಒಳ್ಳೇದು ಅಂತ ಗಂಗಾವತಿಯ ತಂಗಿಯೊಬ್ಬಳು ಕೇಳಿದ್ದಳು. 100ಕ್ಕೆ 60ರಷ್ಟು ಉತ್ತರ ಸರಿಯಿದ್ದರೆ ಪಾಸು, ಹೆದರಬೇಡಮ್ಮ.

ದುಡ್ಡು ನೋಡಿದರೆ ಮೊಬೈಲೇ ವಾಸಿ. ಲೈಸೆನ್ಸಿಗಾಗಿ ಇರುವ ಸರ್ಕಾರದ ಸಾರಥಿ ವೆಬ್‌ಸೈಟಿನ ಅಣಕು ಪರೀಕ್ಷೆ ಪುಕ್ಕಟೆ. ಸ್ಕೂಲಿಗೆ ಖರ್ಚು ಜಾಸ್ತಿ.

ಚಿಹ್ನೆ ಕಲಿಯೋಕೆ ಮಾತ್ರ ನನಗೆ ಪುಸ್ತಕವೇ ಇಷ್ಟ. ತ್ರಿಕೋನ ಎಚ್ಚರಿಕೆ, ಗುಂಡಗಿರುವುದು ಆದೇಶ. ನೀಲಿ ವೃತ್ತದ ಮೇಲೆ ಒಂದೇ ಕೆಂಪು ಗೀಟಿದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೀಟು ಒಂದನ್ನೊಂದು ದಾಟಿದ್ದರೆ ಗಾಡಿ ನಿಲ್ಲಿಸಲೇಬಾರದು. ಚಿಕ್ಕ ಪರದೆಯಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ಓವರ್‌ಟೇಕ್, ಯಾರಿಗೆ ಮೊದಲು ದಾರಿ ಬಿಡಬೇಕು ಎಂಬುದು ಓದಿ ತಲೆಗೆ ಹತ್ತದಿದ್ದರೆ ಸ್ಕೂಲಿಗೆ ಹೋಗು. ಭತ್ತ ತುಂಬಿದ ಟ್ರ್ಯಾಕ್ಟರ್ ಎದುರಿಗೇ ಬರುವಾಗ ಕಲಿತದ್ದು ಮರೆಯಲ್ಲ. ಪರೀಕ್ಷೆಗೆ ಎರಡೇ ದಿನ ಉಳಿದಿದ್ದರೆ ಮೊಬೈಲ್ ಹಿಡಿ, ತಪ್ಪಾದ ಪ್ರಶ್ನೆಗಳನ್ನಷ್ಟೇ ಮತ್ತೆ ಮತ್ತೆ ನೋಡು.