ಗಾಳಿಯೋ, ಸಿದ್ಧ ನೀರೋ, ಸ್ವಂತ ಕೊಳವೆಯೋ?

ಕಲಬುರಗಿಯಲ್ಲಿ ‘ಕೂಲರ್ ಬೇಕು’ ಎಂದರೆ ಅಂಗಡಿಯವರು ಲಾವಂಚದ ಹುಲ್ಲಿನದೋ ಜೇನುಗೂಡಿನ ಪ್ಯಾಡಿನದೋ ಎಂದು ಕೇಳುತ್ತಾರೆ. ನನಗೆ ಬೇಕಾಗಿದ್ದುದು ಕಂಪ್ಯೂಟರಿಗೆ. ಮದುವೆ ವಿಡಿಯೊ ಎಡಿಟಿಂಗ್ ನನ್ನ ಹೊಟ್ಟೆಪಾಡು. ಏಪ್ರಿಲ್, ಮೇ ಬಂತೆಂದರೆ ಹೊರಗೆ 42 ಡಿಗ್ರಿ, ಒಳಗೆ ಮೂರು ಮದುವೆಗಳ ರೆಂಡರಿಂಗ್, ಅಂದರೆ ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವ ಕೆಲಸ. ಪ್ರೊಸೆಸರ್ ರೈಜನ್ 9 5900ಎಕ್ಸ್, ಅದು ಎಳೆಯುವುದು 142 ವಾಟ್‌ವರೆಗೆ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3080, ಅದು 320 ವಾಟ್. ಎರಡೂ ಸೇರಿದರೆ ಮೇಜಿನ ಕೆಳಗೆ ಸಣ್ಣದೊಂದು ಹೀಟರ್ ಇಟ್ಟುಕೊಂಡಂತೆ.

ಎರಡು ವರ್ಷಗಳಲ್ಲಿ ಮೂರು ಬಗೆಯನ್ನೂ ಇದೇ ಯಂತ್ರಕ್ಕೆ ಹಾಕಿ ನೋಡಿದ್ದೇನೆ: ಗೋಪುರದಂಥ ಏರ್ ಕೂಲರ್, ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿ ಬರುವ, 360 ಮಿಲಿಮೀಟರ್ ರೇಡಿಯೇಟರಿನ (ಬಿಸಿನೀರನ್ನು ಫ್ಯಾನ್ ಗಾಳಿಯಿಂದ ತಣಿಸುವ ಭಾಗ) ಎಐಒ, ಅಂದರೆ ಆಲ್-ಇನ್-ಒನ್, ಕೊನೆಗೆ ಪಂಪ್, ಕೊಳವೆಗಳನ್ನು ಬಿಡಿಬಿಡಿಯಾಗಿ ತಂದು ನಾನೇ ಕಟ್ಟಿದ ಕಸ್ಟಮ್ ಲೂಪ್. ಪರೀಕ್ಷೆ ಪ್ರತಿ ಸಲವೂ ಒಂದೇ. ಕೋಣೆ 34 ಡಿಗ್ರಿ ಇರುವಾಗ 40 ನಿಮಿಷದ ರೆಂಡರ್.

ಏರ್ ಕೂಲರ್ ನೋಕ್ಟುವಾ ಎನ್‌ಎಚ್-ಡಿ15. ಫ್ಯಾನ್ ಸೇರಿ ಒಂದು ಕಿಲೋ ಮುನ್ನೂರು ಗ್ರಾಂ, ಎತ್ತರ 165 ಮಿಲಿಮೀಟರ್. ಪ್ರೊಸೆಸರ್ 86ರ ಆಸುಪಾಸಿನಲ್ಲಿ ನಿಂತಿತು. ಈ ಚಿಪ್‌ಗೆ 90 ಮೇಲ್ಮಿತಿ, ಆದ್ದರಿಂದ ಗಾಬರಿಪಡುವಂಥದ್ದೇನೂ ಅಲ್ಲ. ಕೆಡುವ ಭಾಗವೆಂದರೆ ಫ್ಯಾನ್ ಮಾತ್ರ, ಅದನ್ನು ಐದು ನಿಮಿಷದಲ್ಲಿ ಬದಲಿಸಬಹುದು. ತೊಂದರೆ ಕೊಟ್ಟಿದ್ದು ಕೂಲರ್ ಅಲ್ಲ, ಗ್ರಾಫಿಕ್ಸ್ ಕಾರ್ಡ್. ಅದರ ಸ್ವಂತ ಫ್ಯಾನ್‌ಗಳು 82 ಡಿಗ್ರಿಯಲ್ಲಿ ಹಿಟ್ಟಿನ ಗಿರಣಿಯಂತೆ ಅರಚುತ್ತಿದ್ದವು. ಮಂಗಲವಾದ್ಯ ಎಲ್ಲಿ ಮುಗಿಯಿತು, ಫ್ಯಾನ್ ಎಲ್ಲಿ ಶುರುವಾಯಿತು ಎಂಬುದೇ ಹೆಡ್‌ಫೋನಿನಲ್ಲಿ ತಿಳಿಯುತ್ತಿರಲಿಲ್ಲ.

ಎಐಒ ಹಾಕಿದ ಮೊದಲ ಐದಾರು ನಿಮಿಷ ನಾನು ಹಿಗ್ಗಿದೆ. ತಾಪ 68! ಆದರೆ ಅದು ತಣ್ಣಗಿದ್ದ ನೀರು ಶಾಖ ಕುಡಿಯುವ ಹೊತ್ತು. ನೀರು ಕಾದ ಮೇಲೆ ಅಂಕಿ ಮೆಲ್ಲಗೆ ಏರಿ 80ಕ್ಕೆ ಬಂದು ನಿಂತಿತು. ಹತ್ತು ನಿಮಿಷದ ಪರೀಕ್ಷೆ ನೋಡಿ ಎಐಒ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಅದಲ್ಲದೆ ನಾನು ರೇಡಿಯೇಟರನ್ನು ಕೇಸಿನ ಮೇಲ್ಭಾಗಕ್ಕೆ ಕೂರಿಸಿದ್ದರಿಂದ ಗ್ರಾಫಿಕ್ಸ್ ಕಾರ್ಡ್ ಉಗುಳಿದ ಬಿಸಿಗಾಳಿಯೇ ಅದಕ್ಕೆ ಉಸಿರು. ಕಾರ್ಡಿನ ಅರಚಾಟ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆರು ಡಿಗ್ರಿಗಾಗಿ ನಾಲ್ಕು ಸಾವಿರ ರೂಪಾಯಿ ಹೆಚ್ಚು ಕೊಟ್ಟಿದ್ದೆ. ಪಂಪ್ ಕೆಟ್ಟರೆ ಇಡಿಯಾಗಿ ಎಸೆಯಬೇಕು ಎನ್ನುವುದು ಬೇರೆ ಮಾತು.

ಆಗ ಸ್ವಂತ ಲೂಪಿನ ಹುಚ್ಚು ಹಿಡಿಯಿತು. ಯೋಜನೆ ಎಂದು ಒಂದು ನೋಟ್‌ಬುಕ್ ತುಂಬಾ ಗೀಚಿದೆ. ಅದರಲ್ಲಿ ಅರ್ಧದಷ್ಟು, ನೀರು ಮೊದಲು ಪ್ರೊಸೆಸರಿಗೋ ಕಾರ್ಡಿಗೋ ಎಂಬ ಚಿಂತೆ. ಅಷ್ಟೂ ವ್ಯರ್ಥ. ನಿಮಿಷಕ್ಕೆ ನಾಲ್ಕು ಲೀಟರ್ ಹರಿಯುವ ನೀರನ್ನು ಒಂದು ಡಿಗ್ರಿ ಏರಿಸಬೇಕಾದರೆ ಸುಮಾರು 280 ವಾಟ್ ಬೇಕು. ನನ್ನ ಯಂತ್ರದ ಅಷ್ಟೂ ಶಾಖ ಸೇರಿದರೂ ಲೂಪಿನ ಒಂದು ತುದಿಗೂ ಇನ್ನೊಂದು ತುದಿಗೂ ಎರಡು ಡಿಗ್ರಿ ವ್ಯತ್ಯಾಸ ಬರುವುದಿಲ್ಲ. ರಿಸರ್ವಾಯರ್, ಅಂದರೆ ನೀರಿನ ಡಬ್ಬಿ, ನೀರಿನ ದಾರಿಯಲ್ಲಿ ಪಂಪಿಗೆ ತುಸು ಮೊದಲೇ ಇರಬೇಕು, ಪಂಪ್ ಎಂದೂ ಒಣಗಿ ಓಡಬಾರದು. ಉಳಿದದ್ದಕ್ಕೆ ಕೊಳವೆ ಎಲ್ಲಿ ಗಿಡ್ಡವಾಗುತ್ತದೋ ಅದೇ ದಾರಿ.

ನಿಜವಾಗಿ ಅಳೆಯಬೇಕಾಗಿದ್ದುದನ್ನು ಅಳೆಯಲಿಲ್ಲ. ರೇಡಿಯೇಟರ್ 30 ಮಿಲಿಮೀಟರ್, ಫ್ಯಾನ್ 25. ಒಟ್ಟು 55 ಮಿಲಿಮೀಟರ್ ಮೇಲಿನಿಂದ ಇಳಿದು ರ‍್ಯಾಮ್ ಕಡ್ಡಿಗಳ ನೆತ್ತಿಗೆ ತಾಗಿತು. ಕಡ್ಡಿಗಳನ್ನೇ ಬದಲಿಸಿದೆ. ಕಾರ್ಡಿನ ಮೇಲೆ ಕೂತು ಶಾಖವನ್ನು ನೀರಿಗೆ ದಾಟಿಸುವ ಬ್ಲಾಕ್ ಇನ್ನೊಂದು ಕಥೆ. ಎಲ್ಲ 3080ಗಳ ಸರ್ಕ್ಯೂಟ್ ಬೋರ್ಡ್ ಒಂದೇ ಅಲ್ಲ. ತರಿಸಿದ ಮೊದಲ ಬ್ಲಾಕ್ ಒಂದು ಕೆಪಾಸಿಟರಿಗೆ ತಗುಲಿ ಕೂರಲೇ ಇಲ್ಲ, ವಾಪಸ್ ಕಳಿಸಿದ ಖರ್ಚು ನನ್ನ ತಲೆಗೆ. ಅಗ್ಗಕ್ಕೆ ಸಿಗುತ್ತಿದ್ದ ಅಲ್ಯೂಮಿನಿಯಂ ರೇಡಿಯೇಟರ್ ಮಾತ್ರ ಕೊಳ್ಳಲಿಲ್ಲ, ಪುಣ್ಯ. ತಾಮ್ರದ ಬ್ಲಾಕ್‌ಗಳ ಜೊತೆ ಅದೇ ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ.

ಮೊದಲು ಗಟ್ಟಿ ಕೊಳವೆ ಹಾಕಹೊರಟೆ, ಅಂದಕ್ಕೆ ಮರುಳಾಗಿ. ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನ ಕೊಳವೆಯೊಳಗೆ ಸಿಲಿಕೋನ್ ಹುರಿ ತೂರಿಸಿ, ಹೀಟ್ ಗನ್ ಹಿಡಿದು, ತಿರುಗಿಸುತ್ತಾ ಬಗ್ಗಿಸಬೇಕು. ಒಂದು ಕ್ಷಣ ಹೆಚ್ಚಾದರೆ ಗುಳ್ಳೆ, ಕಡಿಮೆಯಾದರೆ ಸುಕ್ಕು. ನಾಲ್ಕು ಕೊಳವೆಗಳಲ್ಲಿ ಮೂರು ಕಸದ ಬುಟ್ಟಿಗೆ ಹೋದವು. ‘ಇದೇನು ರೀ, ಮೀನು ಸಾಕುತ್ತೀರಾ?’ ಎಂದು ಹೆಂಡತಿ ಕೇಳಿದ್ದೂ ಆವತ್ತೇ. ಮರುವಾರ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಿಂದ ಕಪ್ಪು ಇಪಿಡಿಎಂ ರಬ್ಬರ್ ಕೊಳವೆ ತಂದೆ. ಕತ್ತರಿಯಿಂದ ಕತ್ತರಿಸಿ, ಒತ್ತಿ ತೂರಿಸಿ, ರಿಂಗ್ ತಿರುಗಿಸಿದರೆ ಮುಗಿಯಿತು. ನೋಡಲು ಗ್ಯಾಸ್ ಒಲೆಯ ಪೈಪಿನಂತಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಕಾರ್ಡನ್ನು ಒಂದಿಷ್ಟು ಸರಿಸಬೇಕೆಂದರೆ ಇದು ಜೊತೆಗೆ ಬಾಗುತ್ತದೆ, ಗಟ್ಟಿ ಕೊಳವೆ ಬಾಗುವುದಿಲ್ಲ.

ಸೋರಿಕೆ ಪರೀಕ್ಷೆಯ ರಾತ್ರಿಯನ್ನು ಮರೆಯಲಾರೆ. ಪವರ್ ಸಪ್ಲೈಯಿಂದ ಪಂಪಿಗೆ ಮಾತ್ರ ತಂತಿ, ಬೇರೆ ಯಾವುದಕ್ಕೂ ಇಲ್ಲ. ಸಪ್ಲೈ ಒಂದೇ ಚಾಲೂ ಆಗಲೆಂದು 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಗೂ ಕಪ್ಪು ತಂತಿಗೂ ನಡುವೆ ಒಂದು ಜಂಪರ್ ತುಂಡು. ಕೊಳವೆ ಜೋಡಿಸುವ ಪ್ರತಿ ಫಿಟ್ಟಿಂಗಿನ ಕೆಳಗೂ ಮಡಿಸಿದ ಟಿಶ್ಯೂ ಪೇಪರ್. ಪಂಪ್ ಗೊರಗೊರ ಎಂದಿತು, ಕೇಸನ್ನು ಅತ್ತಿತ್ತ ವಾಲಿಸಿ ಗುಳ್ಳೆ ಬಿಡಿಸಿದೆ. ನಡುರಾತ್ರಿಯವರೆಗೆ ಎಲ್ಲವೂ ಒಣಗಿಯೇ ಇತ್ತು. ಮೂರು ಗಂಟೆಗೆ ಎದ್ದು ಟಾರ್ಚ್ ಬಿಟ್ಟರೆ ಕಾರ್ಡಿನ ಕೆಳಗಿನ ಟಿಶ್ಯೂ ಮೇಲೆ ನಾಲ್ಕಾಣೆಯಷ್ಟು ಅಗಲದ ಒದ್ದೆ. ಬಿಚ್ಚಿ ನೋಡಿದೆ: ಫಿಟ್ಟಿಂಗಿನೊಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ ಅಂಚಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಸ್ಪ್ಯಾನರ್ ಹಿಡಿದು ಬಿಗಿದಿದ್ದರ ಫಲ. ಫಿಟ್ಟಿಂಗ್‌ಗಳನ್ನು ಕೈಬಿಗಿಯಷ್ಟೇ ತಿರುಗಿಸಬೇಕು. ರಿಂಗ್ ಬದಲಿಸಿ ಮತ್ತೆ 24 ಗಂಟೆ ಓಡಿಸಿದೆ.

ಫಲ? ಪ್ರೊಸೆಸರ್ 77. ಎಐಒಗಿಂತ ಬರೀ ಮೂರು ಡಿಗ್ರಿ ಕಡಿಮೆ. ಕಾರಣ ನೀರಿನಲ್ಲಿಲ್ಲ, ಚಿಪ್‌ನಲ್ಲಿದೆ. ಶಾಖ ಹುಟ್ಟುವುದು ತಲಾ ಸುಮಾರು 80 ಚದರ ಮಿಲಿಮೀಟರಿನ ಎರಡು ತುಂಡುಗಳಲ್ಲಿ. ಅಷ್ಟು ಇಕ್ಕಟ್ಟಿನಿಂದ ಅದು ಹೊರಬರುವುದೇ ನಿಧಾನ, ಮುಂದೆ ಕೃಷ್ಣಾ ನದಿಯನ್ನೇ ಹರಿಸಿದರೂ ಅಷ್ಟೇ. ಆದರೆ ಕಾರ್ಡ್ 82ರಿಂದ 57ಕ್ಕೆ ಇಳಿಯಿತು. ಫ್ಯಾನ್‌ಗಳು ನಿಮಿಷಕ್ಕೆ 900 ಸುತ್ತಿನಲ್ಲಿ, ಇವೆಯೋ ಇಲ್ಲವೋ ಎಂಬಂತೆ. ಖರ್ಚು 68 ಸಾವಿರ. ಅದರಲ್ಲಿ ಹದಿನಾಲ್ಕು ಫಿಟ್ಟಿಂಗ್‌ಗಳದ್ದೇ ಹತ್ತು ಸಾವಿರ ದಾಟಿತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಆದ್ದರಿಂದ ನನ್ನ ತೀರ್ಪು ನೇರ. ಪ್ರೊಸೆಸರಿಗಾಗಿ ಮಾತ್ರ ಆದರೆ ಏರ್ ಕೂಲರ್. ಗ್ರಾಫಿಕ್ಸ್ ಕಾರ್ಡ್ ದುಡಿಯುವ ಯಂತ್ರ, ಪಕ್ಕದಲ್ಲೇ ಕೂತು ಕಿವಿಗೊಡುವ ಕೆಲಸ ಎಂದಾದರೆ ಕಸ್ಟಮ್ ಲೂಪ್. ಎಐಒ ಎರಡರ ನಡುವೆ ಎಲ್ಲಿಗೂ ಸಲ್ಲಲಿಲ್ಲ. ನನ್ನದು ಈಗ ಮಗನ ಕಂಪ್ಯೂಟರಿನಲ್ಲಿದೆ, ಅವನಿಗೆ ಅದರ ದೀಪಗಳು ಇಷ್ಟ.

ಇನ್ನೊಂದು ಸ್ಪರ್ಧಿಯನ್ನು ಹೇಳದಿದ್ದರೆ ಅನ್ಯಾಯ. ಮೇ ಎರಡನೆಯ ವಾರ ಕಿಟಕಿಗೆ ಲಾವಂಚದ ಕೂಲರ್ ಕೂರಿಸಿದೆ, ಒಂಬತ್ತು ಸಾವಿರದ್ದು. 36 ಇದ್ದ ಕೋಣೆ 30ಕ್ಕೆ ಇಳಿಯಿತು. ಲೂಪಿನ ನೀರು, ಪ್ರೊಸೆಸರ್, ಕಾರ್ಡ್ ಎಲ್ಲವೂ ಅಷ್ಟಷ್ಟೇ ಇಳಿದವು. ಯಾವ ಲೂಪೂ ಕೋಣೆಗಿಂತ ತಣ್ಣಗಾಗಲಾರದು. ಅದೇ ಕಾರಣಕ್ಕೆ ಒದ್ದೆ ಗಾಳಿಯಿಂದ ಕೊಳವೆ ಬೆವರುವ ಭಯವೂ ಇಲ್ಲ.

ನಿರ್ವಹಣೆಯಲ್ಲಿ ಎರಡು ಕೆಲಸ. ಬೇಳೆ ಗಿರಣಿಗಳ ಊರಿನ ಧೂಳು ರೇಡಿಯೇಟರಿನ ರೆಕ್ಕೆಗಳಲ್ಲಿ ಹೊದಿಕೆಯಂತೆ ಕೂರುತ್ತದೆ, ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು. ಇನ್ನೊಂದು, ನೀರು. ಮೊದಲ ಸಲ ಹಾಲಿನಂಥ ನೀಲಿ ದ್ರಾವಣ ತುಂಬಿದ್ದೆ. ಎಂಟು ತಿಂಗಳಿಗೆ ಬ್ಲಾಕಿನ ಸಣ್ಣ ಗೀರುಗಳಲ್ಲಿ ಸುಣ್ಣದಂತೆ ಗಟ್ಟಿಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕಾಯಿತು. ಈಗ ಬಣ್ಣವಿಲ್ಲದ ಡಿಸ್ಟಿಲ್ಡ್ ನೀರು, ತುಕ್ಕು ಮತ್ತು ಪಾಚಿ ತಡೆಯುವ ಔಷಧಿ, ಅಷ್ಟೇ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ವರ್ಷಕ್ಕೊಮ್ಮೆ ಬದಲಿಸುತ್ತೇನೆ, ದೀಪಾವಳಿಯ ನೀರು ತುಂಬುವ ಹಬ್ಬದ ದಿನ. ಅಂದು ಹಂಡೆ ಬೆಳಗುವ ಕೆಲಸದಿಂದ ತಪ್ಪಿಸಿಕೊಳ್ಳಲು ನನ್ನ ಬಳಿ ಇರುವ ನೆಪ ಅದೊಂದೇ.