ಕೊಬ್ಬರಿ ಎಣ್ಣೆಯ ಡಬ್ಬದಲ್ಲಿ ಬೇರೆ ಎಣ್ಣೆ ಬೆರೆತಿದ್ದರೆ: ಕರಿಯುವವರಿಗೆ ಒಂದು ಎಚ್ಚರಿಕೆ

ಕೊಬ್ಬರಿ ಎಣ್ಣೆಯಲ್ಲಿ ಕರಿಯುವ ರೂಢಿಯಿರುವ ಪ್ರತಿಯೊಬ್ಬರೂ ಇದನ್ನು ಓದಬೇಕೆಂದು ಕೋರುತ್ತೇನೆ. 'ಶುದ್ಧ ಕೊಬ್ಬರಿ ಎಣ್ಣೆ' ಎಂದು ಅಚ್ಚಾಗಿದ್ದ ದೊಡ್ಡ ಡಬ್ಬವೊಂದನ್ನು ನಾವು ಈಚೆಗೆ ಕೊಂಡಿದ್ದೆವು. ಅದರಲ್ಲಿದ್ದದ್ದು ತಾಳೆ ಎಣ್ಣೆ ಬೆರೆಸಿದ ಮಿಶ್ರಣ. ಆ ಮಿಶ್ರಣವು ಬಾಣಲೆಯಲ್ಲಿ ನೊರೆಯಾಗಿ ಉಕ್ಕಿ, ಅಂಚು ದಾಟಿ ಕೆಳಗಿಳಿದು, ಒಲೆಯ ಉರಿಗೆ ತಾಗಿ ಹೊತ್ತಿಕೊಂಡಿತು. ಪ್ರಾಣಾಪಾಯವಾಗಲಿಲ್ಲ, ಆದರೆ ನನ್ನ ತಂಗಿಯ ಮುಂಗೈ ಸುಟ್ಟಿತು, ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಎಣ್ಣೆಯ ಕಲಬೆರಕೆಯೆಂದರೆ ಹಣದ ಮೋಸ, ಹೆಚ್ಚೆಂದರೆ ನಿಧಾನವಾಗಿ ಆರೋಗ್ಯ ಕೆಡಿಸುವ ಸಂಗತಿ ಎಂದೇ ಸಾಮಾನ್ಯವಾಗಿ ತಿಳಿಯುತ್ತಾರೆ. ಕೊಬ್ಬರಿ ಎಣ್ಣೆಯ ಮಟ್ಟಿಗೆ ಅದು ಒಲೆಯ ಮುಂದೆ ನಿಂತವರ ಮೈಮೇಲೆಯೇ ಬರುವ ಅಪಾಯ ಎಂಬುದನ್ನು ತಿಳಿಸುವ ಉದ್ದೇಶದಿಂದ ಇಷ್ಟನ್ನು ಬರೆಯುತ್ತಿದ್ದೇನೆ.

ಆ ಎಣ್ಣೆಗೆ ಕೊಬ್ಬರಿಯ ಪರಿಮಳ ಚೆನ್ನಾಗಿಯೇ ಇತ್ತು. ಬಣ್ಣದಲ್ಲಿ ತುಸು ಹಳದಿ ಛಾಯೆಯಿತ್ತು, ಆದರೆ ಒಣಕೊಬ್ಬರಿಯಿಂದ ತೆಗೆದು ಶುದ್ಧೀಕರಿಸದ ಎಣ್ಣೆಗೆ ಅಂಥ ಛಾಯೆ ಇರುವುದು ಸಹಜವಾದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ತರಕಾರಿ ಬಾಡಿಸುವಾಗ, ಹುರಿಯುವಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೊದಲ ಸಲ ಕರಿದಾಗ ನೊರೆ ಕೊಂಚ ಹೆಚ್ಚೆನಿಸಿದರೂ ತಾನಾಗಿ ಇಳಿಯಿತು. ಉಳಿದದ್ದನ್ನು ಸೋಸಿ ಮುಚ್ಚಿಟ್ಟು, ಮುಂದಿನ ಸಲ ಅದಕ್ಕೆ ಡಬ್ಬದಿಂದ ಇನ್ನಷ್ಟು ಸೇರಿಸಿ ಕಾಯಿಸಿದಾಗ ಅನಾಹುತವಾಯಿತು. ಎಣ್ಣೆ ಬಾಣಲೆಯ ಅರ್ಧದಷ್ಟೂ ಇರಲಿಲ್ಲ. ಹೋಳುಗಳ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದೇ ಬಿಟ್ಟದ್ದು. ಮಾಮೂಲಿನಂತೆ ಕರಿಯುವಾಗ ಏಳುವ ಗುಳ್ಳೆಗಳು ದೊಡ್ಡವು. ಹೋಳಿನ ನೀರು ಆವಿಯಾಗಿ ಹೊರಬರುತ್ತಿದ್ದಂತೆ ಅವು ಒಡೆದುಹೋಗುತ್ತವೆ. ಇಲ್ಲಿ ಎದ್ದದ್ದು ಸಣ್ಣ ಸಣ್ಣ ಗುಳ್ಳೆಗಳ ದಟ್ಟ ನೊರೆ. ಅದು ಒಡೆಯದೆ, ಸೋಪಿನ ನೀರನ್ನು ಕಲಕಿದಾಗ ಏಳುವ ಬುರುಗಿನ ಹಾಗೆ ಒಂದರ ಮೇಲೊಂದು ಪದರವಾಗಿ ಏರುತ್ತಲೇ ಹೋಯಿತು. ಉರಿ ಆರಿಸಲು ತಂಗಿ ಕೈ ಚಾಚುವಷ್ಟರಲ್ಲಿ ನೊರೆ ಹೊರಗೆ ಚೆಲ್ಲಿತ್ತು.

ಇದರ ಕಾರಣ ಖಾದ್ಯತೈಲದ ಉದ್ಯಮದಲ್ಲಿರುವವರಿಗೆ ಹಳೆಯದು, ಮನೆಯಲ್ಲಿ ಅಡುಗೆ ಮಾಡುವವರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ತಾಳೆಯ ಬೀಜದಿಂದ ತೆಗೆಯುವ ಎಣ್ಣೆಯೂ ಇದೇ ಗುಂಪಿಗೆ ಸೇರುತ್ತದೆ. ತಾಳೆಹಣ್ಣಿನ ತಿರುಳಿನಿಂದ ಬರುವ ತಾಳೆ ಎಣ್ಣೆ, ಸೂರ್ಯಕಾಂತಿ, ಕಡಲೆಕಾಯಿ, ಸೋಯಾ, ಆಲಿವ್ ಮುಂತಾದವುಗಳಲ್ಲಿ ಲಾರಿಕ್ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಅವುಗಳಲ್ಲಿರುವುದು ಲಾರಿಕ್‌ಗಿಂತ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು. ಈ ಎರಡು ಬಗೆಯ ಎಣ್ಣೆಗಳನ್ನು ಬೆರೆಸಿ ಕರಿಯಲು ಕಾಯಿಸಿದರೆ, ಪ್ರತ್ಯೇಕವಾಗಿ ಯಾವುದೂ ಕೊಡದಷ್ಟು ನೊರೆಯನ್ನು ಮಿಶ್ರಣ ಕೊಡುತ್ತದೆ. ಹೋಳಿನ ನೀರಿನಿಂದಲೂ ಶಾಖದಿಂದಲೂ ಎಣ್ಣೆ ಒಡೆದು ಬಿಡಿ ಕೊಬ್ಬಿನಾಮ್ಲಗಳು ಹೆಚ್ಚಿದಂತೆ ಈ ಗುಣ ಬಲವಾಗುತ್ತದೆ. ಒಮ್ಮೆ ಕರಿದ ಎಣ್ಣೆಯಲ್ಲಿ ಅಪಾಯ ಹೆಚ್ಚಾಗುವುದು ಆದ್ದರಿಂದಲೇ. ಹೀಗಾಗಿ ಕಲಬೆರಕೆಯಿಲ್ಲದ ಎರಡು ಒಳ್ಳೆಯ ಎಣ್ಣೆಗಳನ್ನು ತಂದು, ಕೊಬ್ಬರಿ ಎಣ್ಣೆ ಸಾಲದೆಂದು ಮನೆಯಲ್ಲಿಯೇ ಅದಕ್ಕೆ ಸೂರ್ಯಕಾಂತಿ ಎಣ್ಣೆ ಸುರಿದುಕೊಂಡರೂ ಇದೇ ಅಪಾಯವಿದೆ. ಬಾಡಿಸಲು ಚಮಚದಷ್ಟು ಎಣ್ಣೆ ಬಳಸುವಾಗ ಬೆರೆಸಿದರೆ ತೊಂದರೆಯಿಲ್ಲ. ಬಾಣಲೆ ತುಂಬ ಕಾಯಿಸುವಾಗ ದಯವಿಟ್ಟು ಬೆರೆಸಬೇಡಿ.

ಬೆಂಕಿ ಹೊತ್ತಿದಾಗ ನಮ್ಮನ್ನು ಉಳಿಸಿದ್ದು ಪಕ್ಕದಲ್ಲಿಯೇ ಇದ್ದ ಅಗಲವಾದ ಮುಚ್ಚಳ. ಉರಿಯುತ್ತಿರುವ ಎಣ್ಣೆಗೆ ನೀರು ಹಾಕಲೇಬಾರದು. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿದು, ಅಲ್ಲಿ ಕ್ಷಣಮಾತ್ರದಲ್ಲಿ ಆವಿಯಾಗಿ, ಮೊದಲಿದ್ದ ಗಾತ್ರದ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಎಲ್ಲ ದಿಕ್ಕಿಗೂ ಎರಚುತ್ತದೆ. ಒಲೆಯನ್ನು ಆರಿಸಿ, ಲೋಹದ ಮುಚ್ಚಳವನ್ನು ಬದಿಯಿಂದ ಸರಿಸಿ ಬಾಣಲೆಯನ್ನು ಪೂರ್ತಿಯಾಗಿ ಮುಚ್ಚಬೇಕು. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಜ್ವಾಲೆ ಅಡಗಿತೆಂದು ಕೂಡಲೇ ಮುಚ್ಚಳ ತೆಗೆದರೆ ಗಾಳಿ ಸಿಕ್ಕಿ ಮತ್ತೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಪಾತ್ರೆ ಪೂರ್ತಿ ತಣಿಯುವವರೆಗೂ ಮುಟ್ಟಬಾರದು. ಕೈಗೆಟುಕದಷ್ಟು ಬೆಂಕಿ ಬೆಳೆದಿದ್ದರೆ ಎಲ್ಲರೂ ಹೊರಬಂದು ಅಗ್ನಿಶಾಮಕದವರನ್ನು ಕರೆಯುವುದೇ ಸರಿ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು; ಮಂಜುಗಡ್ಡೆಯನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚಬಾರದು.

ಆಮೇಲೆ ಡಬ್ಬದಲ್ಲಿ ಉಳಿದಿದ್ದ ಎಣ್ಣೆಯ ಮಾದರಿಯನ್ನು ಆಹಾರ ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಟ್ಟೆವು. ಖಾದ್ಯತೈಲಗಳಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವಿದೆ. ಅದರ ಪ್ರಕಾರ ಕೊಬ್ಬರಿ ಎಣ್ಣೆಯ ಅಯೋಡಿನ್ ಮೌಲ್ಯ 6.3ರಿಂದ 10.6ರೊಳಗಿರಬೇಕು. ಎಣ್ಣೆಯಲ್ಲಿ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು ಎಷ್ಟಿದೆಯೆಂಬುದನ್ನು ಈ ಅಂಕಿ ತೋರಿಸುತ್ತದೆ: ತಾಳೆ ಎಣ್ಣೆಗೆ ಅದು 50ರ ಮೇಲಿರುತ್ತದೆ, ಸೂರ್ಯಕಾಂತಿಗೆ 118ರಿಂದ ಶುರುವಾಗುತ್ತದೆ. ನಮ್ಮ ಮಾದರಿಯ ಅಂಕಿ ಮೇಲಿನ ಮಿತಿಯ ಎರಡು ಪಟ್ಟನ್ನೂ ಮೀರಿತ್ತು. ಕೊಬ್ಬಿನಾಮ್ಲಗಳನ್ನು ಬಿಡಿಸಿ ಅಳೆದಾಗ, ಶೇಕಡಾ 45ಕ್ಕಿಂತ ಕೆಳಗಿರಬಾರದ ಲಾರಿಕ್ ಆಮ್ಲ ಬಹಳ ಕುಸಿದಿತ್ತು. ಶೇಕಡಾ 10ರ ಆಸುಪಾಸಿನಲ್ಲಿರಬೇಕಾದ ಪಾಲ್ಮಿಟಿಕ್ ಮತ್ತು ಓಲೆಯಿಕ್ ಆಮ್ಲಗಳು ಏರಿದ್ದವು. ತಾಳೆ ಎಣ್ಣೆಯ ಗುರುತು ಅದೇ. ಮಾರಿದವರು ಹಣ ಹಿಂದಿರುಗಿಸಲು ಮೊದಲು ಒಪ್ಪಲಿಲ್ಲ, ವರದಿ ಮುಂದಿಟ್ಟ ಮೇಲೆ ಒಪ್ಪಿದರು. ಉಳಿದ ಡಬ್ಬಗಳನ್ನು ಮಾರಾಟದಿಂದ ತೆಗೆದರೆಂಬ ಭರವಸೆ ಮಾತ್ರ ನಮಗೆ ದೊರೆಯಲಿಲ್ಲ. ಅದೇ ಎಣ್ಣೆ ಈಗ ಇನ್ನೆಷ್ಟು ಮನೆಗಳಲ್ಲಿದೆಯೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಮನೆಯಲ್ಲಿಯೇ ಶುದ್ಧತೆ ತಿಳಿಯುವ ಉಪಾಯವೆಂದು ಎಲ್ಲರೂ ಹೇಳುವುದು ಫ್ರಿಜ್ಜಿನ ಪರೀಕ್ಷೆಯನ್ನು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಹೆಪ್ಪುಗಟ್ಟುತ್ತದೆ, ಆದ್ದರಿಂದ ಗಾಜಿನ ಲೋಟದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಾಗ ಪೂರ್ತಿ ಗಟ್ಟಿಯಾಗಿ ಬೆಳ್ಳಗಾದರೆ ಅದು ಶುದ್ಧ ಎಂಬ ತರ್ಕ. ಈ ಪರೀಕ್ಷೆ ಒಂದು ದಿಕ್ಕಿನಲ್ಲಿ ಮಾತ್ರ ನಂಬಿಕೆಗೆ ಅರ್ಹ. ಗಟ್ಟಿಯಾಗದ ದ್ರವ ಮೇಲೆ ಬೇರೆಯಾಗಿ ನಿಂತರೆ ಅನುಮಾನಪಡುವುದು ಸರಿ. ಗಟ್ಟಿಯಾಯಿತೆಂಬ ಕಾರಣಕ್ಕೆ ಶುದ್ಧವೆಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ತಾಳೆ ಎಣ್ಣೆಯೂ ಫ್ರಿಜ್ಜಿನ ಚಳಿಗೆ ಮಂಜಾಗಿ ಹೆಪ್ಪುಗಟ್ಟುತ್ತದೆ, ತಾಳೆ ಬೀಜದ ಎಣ್ಣೆಯಂತೂ ಕೊಬ್ಬರಿ ಎಣ್ಣೆಯಷ್ಟೇ ಚೊಕ್ಕವಾಗಿ ಗಟ್ಟಿಯಾಗುತ್ತದೆ. ನಮ್ಮ ಡಬ್ಬದ ಎಣ್ಣೆ ಫ್ರಿಜ್ಜಿನಲ್ಲಿ ಗಟ್ಟಿಯಾಗಿತ್ತು. ಪರಿಮಳವೂ ಸಾಕ್ಷಿಯಲ್ಲ. ಶುದ್ಧೀಕರಿಸಿದ, ಅಪ್ಪಟ ಕೊಬ್ಬರಿ ಎಣ್ಣೆಗೆ ವಾಸನೆಯೇ ಇರುವುದಿಲ್ಲ. ಕಲಬೆರಕೆಯ ಎಣ್ಣೆಗೆ ಒಂದು ಪಾಲು ಘಮವಿರುವ ಕೊಬ್ಬರಿ ಎಣ್ಣೆ ಬಿದ್ದರೆ ಸಾಕು, ಮೂಗು ಮೋಸಹೋಗುತ್ತದೆ. ನಿಶ್ಚಯವಾಗಿ ತಿಳಿಯಬೇಕಾದರೆ ಪ್ರಯೋಗಾಲಯವೇ ಗತಿ.

ಹಾಗಾದರೆ ಕೊಳ್ಳುವಾಗ ಏನನ್ನು ನೋಡಬೇಕು? ಡಬ್ಬದ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ಒಳಪದಾರ್ಥಗಳಲ್ಲಿ ಕೊಬ್ಬರಿ ಎಣ್ಣೆಯೊಂದೇ ಇರಬೇಕು. 'ಖಾದ್ಯ ಸಸ್ಯಜನ್ಯ ಎಣ್ಣೆಗಳು' ಎಂದು ಬಹುವಚನದಲ್ಲಿದ್ದರೆ ಅದು ಮಿಶ್ರಣ. ತಯಾರಕರ ಪೂರ್ಣ ವಿಳಾಸ, ತಂಡದ (ಬ್ಯಾಚ್) ಸಂಖ್ಯೆ, ತಯಾರಾದ ದಿನಾಂಕ ಇವು ಇಲ್ಲದ ಬಿಡಿ ಎಣ್ಣೆಯನ್ನು ಕರಿಯಲು ಬಳಸದಿರುವುದು ಕ್ಷೇಮ. ತಲೆಗೆ ಹಚ್ಚಲು ಮಾರುವ ಕೊಬ್ಬರಿ ಎಣ್ಣೆ ಬೇರೆ, ಅಡುಗೆಯದು ಬೇರೆ: ಮೊದಲನೆಯದಕ್ಕೆ ಸುಗಂಧವನ್ನೋ ಖನಿಜ ತೈಲವನ್ನೋ ಸೇರಿಸಿರಬಹುದು, ಅದನ್ನು ಒಲೆಯ ಮೇಲಿಡಬಾರದು. ಚಳಿಯಲ್ಲೂ ದ್ರವವಾಗಿಯೇ ಉಳಿಯುವ ಕೊಬ್ಬರಿ ಎಣ್ಣೆಯೆಂದು ಮಾರುವುದು ಲಾರಿಕ್ ಆಮ್ಲವನ್ನು ಬೇರ್ಪಡಿಸಿದ ಸರಕು, ಅದೂ ಕರಿಯಲು ತಕ್ಕದ್ದಲ್ಲ. ಸುತ್ತಲಿನ ಬೇರೆಲ್ಲ ಕೊಬ್ಬರಿ ಎಣ್ಣೆಗಳಿಗಿಂತ ಬೆಲೆ ತೀರಾ ಕಡಿಮೆಯಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ತಾಳೆ ಎಣ್ಣೆ ಸಾಮಾನ್ಯವಾಗಿ ಕೊಬ್ಬರಿ ಎಣ್ಣೆಗಿಂತ ಬಹಳ ಅಗ್ಗ.

ಅಪ್ಪಟ ಕೊಬ್ಬರಿ ಎಣ್ಣೆಯಲ್ಲಿಯೂ ಎಲ್ಲವೂ ಒಂದೇ ಶಾಖವನ್ನು ತಡೆಯುವುದಿಲ್ಲ. ಹಸಿ ತೆಂಗಿನಕಾಯಿಯಿಂದ ಶುದ್ಧೀಕರಣವಿಲ್ಲದೆ ತೆಗೆದ ವರ್ಜಿನ್ ಎಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡತೊಡಗುತ್ತದೆ. ಕರಿಯಲು ಬೇಕಾದ ಶಾಖ 170ರಿಂದ 190 ಡಿಗ್ರಿ. ಅಂದರೆ ಈ ಎಣ್ಣೆ ಕರಿಯುವ ಶಾಖದಲ್ಲಿಯೇ ಕೆಡುತ್ತದೆ; ದುಬಾರಿ ಬೆಲೆ ತೆತ್ತು ಅದನ್ನು ಬಾಣಲೆಗೆ ಸುರಿಯುವುದು ದಂಡ. ಬಾಡಿಸಲು, ಬೇಯಿಸಿದ್ದರ ಮೇಲೆ ಹನಿಸಲು ಅದು ಬಹಳ ಸೊಗಸು. ಶುದ್ಧೀಕರಿಸಿದ್ದು 200 ಡಿಗ್ರಿಯ ಆಚೆಗೂ ತಡೆಯುತ್ತದೆ. ಬೇರೆ ಎಣ್ಣೆಗಳೊಂದಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಗೆ ಇರುವ ನಿಜವಾದ ಮೇಲುಗೈ ಬೇರೆಯೇ: ಅದರ ಕೊಬ್ಬು ಬಹುಪಾಲು ಪರ್ಯಾಪ್ತ (ಸ್ಯಾಚುರೇಟೆಡ್) ಆದ್ದರಿಂದ ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಸೋಲುವುದಿಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೊಲೆಯಿಕ್ ಆಮ್ಲ ಹೆಚ್ಚಿರುವುದರಿಂದ ಅದು ಬೇಗ ಕಮಟು ಹಿಡಿಯುತ್ತದೆ. ಆದರೆ ಕೊಬ್ಬರಿ ಎಣ್ಣೆಗೆ ತೇವ ಶತ್ರು. ಹಸಿ ಚಮಚ ಅದ್ದಿದರೆ ಲಾರಿಕ್ ಆಮ್ಲ ಬಿಡಿಯಾಗಿ ಸೋಪಿನ ರುಚಿ ಬರುತ್ತದೆ. ಆ ರುಚಿ ಬಂದ ಎಣ್ಣೆಯಲ್ಲಿ ಕರಿಯಬೇಡಿ, ಅದು ಹೊಗೆಯನ್ನೂ ನೊರೆಯನ್ನೂ ಬೇಗ ಕೊಡುತ್ತದೆ.

ಡಬ್ಬದ ಮೇಲೆ ಹೃದಯದ ಚಿತ್ರ ಅಚ್ಚು ಮಾಡಿ 'ಇತರ ಎಣ್ಣೆಗಳಿಗಿಂತ ಆರೋಗ್ಯಕರ' ಎಂದು ಬರೆದಿದ್ದರೆ ಅದನ್ನೂ ನಂಬಬೇಡಿ. ನಮ್ಮ ಡಬ್ಬದ ಮೇಲೂ ಹಾಗೆಯೇ ಇತ್ತು. ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಶೇಕಡಾ 80ನ್ನು ಮೀರುತ್ತದೆ. ತಾಳೆ ಎಣ್ಣೆಯಲ್ಲಿ ಸುಮಾರು 50, ಆಲಿವ್‌ನಲ್ಲಿ ಸುಮಾರು 14, ಸೂರ್ಯಕಾಂತಿಯಲ್ಲಿ ಸುಮಾರು 11. ದಿನದ ಆಹಾರದ ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ಶೇಕಡಾ 10ನ್ನು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2,000 ಕಿಲೋಕ್ಯಾಲರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ, ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯೇ ಅದರಲ್ಲಿ ಅರ್ಧವನ್ನು ಮುಗಿಸುತ್ತದೆ. 2020ರಲ್ಲಿ ಪ್ರಕಟವಾದ, 16 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ, ಸೂರ್ಯಕಾಂತಿ, ಆಲಿವ್‌ನಂಥ ಎಣ್ಣೆಗಳಿಗೆ ಹೋಲಿಸಿದಾಗ ಕೊಬ್ಬರಿ ಎಣ್ಣೆಯು 'ಕೆಟ್ಟದ್ದು' ಎನ್ನುವ ಎಲ್‌ಡಿಎಲ್ ಕೊಲೆಸ್ಟರಾಲನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸಿದ್ದು ಕಂಡುಬಂತು. 'ಒಳ್ಳೆಯದು' ಎನ್ನುವ ಎಚ್‌ಡಿಎಲ್ ಕೂಡ ಕೊಂಚ ಏರಿತ್ತು. ರುಚಿಗಾಗಿ ಕೊಬ್ಬರಿ ಎಣ್ಣೆಯನ್ನು ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ, ನಾವೂ ಬಿಟ್ಟಿಲ್ಲ. ಔಷಧಿಯೆಂದು ಭಾವಿಸಿ ಹೆಚ್ಚು ಹೆಚ್ಚು ಸುರಿಯುವುದು ಮಾತ್ರ ಬೇಡ.

ನಿಮ್ಮ ಬಾಣಲೆಯಲ್ಲಿ ಒಡೆಯದ ಸಣ್ಣ ನೊರೆ ಏಳತೊಡಗಿದರೆ, ಇಳಿಯುತ್ತದೆಂದು ಕಾಯದೆ ತಕ್ಷಣ ಉರಿ ಆರಿಸಿ. ಇನ್ನೊಂದು ಹೋಳನ್ನೂ ಹಾಕಬೇಡಿ. ತಣಿದ ಮೇಲೆ ಆ ಎಣ್ಣೆಯನ್ನು ಮತ್ತೆ ಕಾಯಿಸಬೇಡಿ, ಬಚ್ಚಲಿಗೂ ಸುರಿಯಬೇಡಿ, ಕೊಳವೆಯಲ್ಲಿ ಅದು ಹೆಪ್ಪುಗಟ್ಟುತ್ತದೆ. ಡಬ್ಬದಲ್ಲಿ ಉಳಿದದ್ದನ್ನು ಚೆಲ್ಲದೆ, ಮುಚ್ಚಳ ಬಿಗಿದು, ಬಿಲ್ಲು ಮತ್ತು ತಂಡದ ಸಂಖ್ಯೆಯ ಚೀಟಿಯೊಂದಿಗೆ ತೆಗೆದಿರಿಸಿ. ಅದರಲ್ಲಿ ಒಂದು ಪಾಲನ್ನು ಮಾತ್ರ ಒಣಗಿದ ಗಾಜಿನ ಶೀಷೆಯಲ್ಲಿ ಪರೀಕ್ಷೆಗೆ ಕೊಟ್ಟು, ಇನ್ನೊಂದು ಪಾಲನ್ನು ಮೂಲ ಡಬ್ಬದಲ್ಲಿಯೇ ಉಳಿಸಿಕೊಂಡು, ಆಹಾರ ಸುರಕ್ಷತೆಯನ್ನು ನೋಡಿಕೊಳ್ಳುವ ಇಲಾಖೆಗೆ ಲಿಖಿತ ದೂರು ಕೊಡಿ. ಶೀಷೆಯಲ್ಲಿ ಕೊಟ್ಟದ್ದು ತಮ್ಮ ಡಬ್ಬದ್ದೇ ಅಲ್ಲವೆಂದು ಮಾರಿದವರು ವಾದಿಸಿದಾಗ, ಮೂಲ ಡಬ್ಬ ನಮ್ಮ ಕೈಯಲ್ಲಿದ್ದದ್ದರಿಂದಲೇ ನಮ್ಮ ಮಾತು ನಿಂತಿತು.