ಶ್ರೀಲಂಕಾ ಪ್ಯಾಕೇಜ್‌ಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ದಾವಣಗೆರೆಯಲ್ಲೇ ಬುಕ್ ಮಾಡಿ, ಪೂರ್ತಿ ದುಡ್ಡು ಕಟ್ಟಿ, ಸಿಗಿರಿಯಾ ಬಂಡೆ ಹತ್ತದೆ ವಾಪಸ್ ಬಂದವರು ನಾವು. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಸಿಗಿರಿಯಾ, ದಂಬುಲ್ಲದ ಗುಹಾಲಯ, ಮಿನ್ನೇರಿಯಾದ ಆನೆ ಸಫಾರಿ ಎಲ್ಲಾ ಇತ್ತು. ಚಿತ್ರದುರ್ಗದ ಕೋಟೆಯನ್ನು ಈಗಲೂ ಸಲೀಸಾಗಿ ಹತ್ತುವ ನಮ್ಮ ಅಪ್ಪಾಜಿಗೆ ಸಿಗಿರಿಯಾ ನೋಡುವ ಆಸೆ ಬಹಳ ದಿನದ್ದು. 5ನೇ ಶತಮಾನದಲ್ಲಿ ಕಾಶ್ಯಪ ರಾಜ ಹೆಬ್ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಜಾಗ ಅದು. ಸುಮಾರು 1200 ಮೆಟ್ಟಿಲು. ದಾರಿಯಲ್ಲಿ ಬಂಡೆಯ ಮೇಲೆ ಬರೆದ ಹೆಂಗಸರ ಚಿತ್ರಗಳು, ಇನ್ನೂ ಮೇಲೆ ಸಿಂಹದ ಭಾರಿ ಪಂಜಗಳು. ನಿಧಾನವಾಗಿ ಹತ್ತಿ ಇಳಿಯಲು ಎರಡು ಮೂರು ತಾಸಾದರೂ ಬೇಕು.

ನಮ್ಮ ವ್ಯಾನ್ ಅಲ್ಲಿಗೆ ಮುಟ್ಟಿದ್ದು ಸಂಜೆ ಹೊತ್ತಿಗೆ. ‘ಒಂದು ತಾಸು ಟೈಮ್ ಇದೆ, ಟಿಕೆಟ್ ನಿಮ್ಮ ಖರ್ಚು’ ಎಂದ ಡ್ರೈವರ್. ಬೆಳಗಿನ ಹೊತ್ತೆಲ್ಲ ಮಾತಲೆಯ ಮಸಾಲೆ ತೋಟದಲ್ಲಿ ಕಳೆದಿತ್ತು. ಅಲ್ಲಿ ಮಂಡಿನೋವಿನ ಎಣ್ಣೆ ತಿಕ್ಕಿ ತೋರಿಸಿ, ಕೊಳ್ಳುವವರೆಗೂ ಬಿಡಲಿಲ್ಲ. ದಂಬುಲ್ಲದಲ್ಲಿ ಕೆಳಗಿನ ಬಂಗಾರದ ಬಣ್ಣದ ಬುದ್ಧನ ಮುಂದೆ ಫೋಟೋ ತೆಗೆಸಿ ಹೊರಡಿಸಿದ್ದರು. ನೋಡಬೇಕಾದ ಐದು ಗುಹೆಗಳು ಇರುವುದು ಗುಡ್ಡದ ಮೇಲೆ! ಎರಡು ಸಾವಿರ ವರ್ಷದ ಹಿಂದಿನ ಗುಹಾಲಯ, 150ಕ್ಕೂ ಹೆಚ್ಚು ಬುದ್ಧನ ವಿಗ್ರಹಗಳು. ಒಂದನ್ನೂ ನೋಡಲಿಲ್ಲ. ಅಪ್ಪಾಜಿ ಸಿಗಿರಿಯಾ ಬಂಡೆಯನ್ನು ರಸ್ತೆಯಲ್ಲಿ ನಿಂತು ನೋಡಿದರು, ಅಷ್ಟೇ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಿನ್ನೇರಿಯಾ ಸಫಾರಿಗೆ ಬೇರೆ ದುಡ್ಡು ತೆಗೆದುಕೊಂಡರು. ‘ನೂರಾರು ಆನೆ ಒಟ್ಟಿಗೆ ಕಾಣುತ್ತವೆ’ ಎಂಬ ಮಾತು ಸುಳ್ಳಲ್ಲ. ಆದರೆ ಅದು ಜುಲೈನಿಂದ ಅಕ್ಟೋಬರ್‌ವರೆಗೆ. ಆಗ ಕೆರೆಯ ನೀರು ಇಳಿದು, ಅಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಆನೆಗಳು ಬರುತ್ತವೆ. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ. ಆ ಭಾಗಕ್ಕೆ ಹಿಂಗಾರು ಮಳೆ ಜೋರು. ಕೆರೆ ತುಂಬಿತ್ತು, ಜೀಪಿನಲ್ಲಿ ಸುಮ್ನೆ ನೆನೆದು ಬಂದೆವು.

ಊರಿಗೆ ಬಂದು ಕೇಳಿದರೆ ಏಜೆಂಟ್ ಕಾಗದದ ಕೊನೆಯ ಪುಟ ತೋರಿಸಿದರು. ಪ್ರವೇಶ ಟಿಕೆಟ್ ಪ್ಯಾಕೇಜ್‌ನಲ್ಲಿಲ್ಲವಂತೆ. ಹಣ ವಾಪಸ್ ಬರಲಿಲ್ಲ. ಅವರ ಲೆಕ್ಕ ಸರಳ. ಹಳೆಯ ಜಾಗಗಳಿಗೆ ವಿದೇಶಿಯರ ಟಿಕೆಟ್ ದುಬಾರಿ, ಅರ್ಧ ದಿನವೂ ಬೇಕು. ಮಸಾಲೆ ತೋಟ, ಹರಳಿನ ಅಂಗಡಿಗೆ ಕರೆದೊಯ್ದರೆ ಕಮಿಷನ್ ಸಿಗುತ್ತದೆ. ಹಾಗಾಗಿ ಕತ್ತರಿ ಬೀಳುವುದು ನಾವು ನೋಡಲು ಹೋದ ಜಾಗಗಳಿಗೇ.

ಇನ್ನೊಂದು ಮಾತು. ಸಿಗಿರಿಯಾದಲ್ಲಿ ಭಾರತವೂ ಸೇರಿದಂತೆ ಸಾರ್ಕ್ (ದಕ್ಷಿಣ ಏಷ್ಯಾ ಕೂಟದ) ದೇಶದವರಿಗೆ ಟಿಕೆಟ್ ದರ ಕಡಿಮೆ. ಡ್ರೈವರ್ ನಮಗೆ ಹೇಳಿದ್ದು ಪೂರ್ತಿ ವಿದೇಶಿ ದರ. ಪಾಸ್‌ಪೋರ್ಟ್ ಹೋಟೆಲ್ಲಿನಲ್ಲಿ ಬಿಡಬೇಡಿ, ಕೌಂಟರ್‌ನಲ್ಲಿ ನೀವೇ ತೋರಿಸಿ.

ಮುಂಗಡ ಕೊಡುವ ದಿನವೇ ಯಾವ ಜಾಗದ ಟಿಕೆಟ್ ಸೇರಿದೆ, ಅಲ್ಲಿ ಎಷ್ಟು ತಾಸು ಎಂದು ಬರೆಸಿಕೊಳ್ಳಿ. ಸಿಗಿರಿಯಾವನ್ನು ಬಿಸಿಲೇರುವ ಮೊದಲು, ಬೆಳಿಗ್ಗೆಯೇ ಹಾಕಿಸಿ. ಹಿಂದಿನ ರಾತ್ರಿಯ ವಸತಿ ಹತ್ತಿರದಲ್ಲೇ ಇರಬೇಕೆಂದು ಹಟ ಹಿಡಿಯಿರಿ. ಕ್ಯಾಂಡಿಯಿಂದ ಹೊರಟರೆ ದಾರಿಯಲ್ಲೇ ಮಾತಲೆಯ ಮಸಾಲೆ ತೋಟಗಳು ಸಿಗುತ್ತವೆ.